ಮನೆಗೆ ತಕ್ಕ ವಿದ್ಯುತ್ಸಂಚಯ: ಗಾತ್ರನಿರ್ಣಯದ ಕ್ರಮ

‘ಪವರ್ ಸ್ಟೇಷನ್’ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಂದಿನಿಂದ ಈ ಮಾತಿಗೆ ನಮ್ಮಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾನವೆಂದೇ ಅರ್ಥ. ಈಚಿನ ವರ್ಷಗಳಲ್ಲಿ ಅದೇ ಹೆಸರನ್ನು, ‘ಪೋರ್ಟಬಲ್’ ಎಂಬ ವಿಶೇಷಣವೊಂದನ್ನು ಸೇರಿಸಿ, ಕೈಯಲ್ಲಿ ಎತ್ತಿ ಒಯ್ಯಬಹುದಾದ ಒಂದು ಪೆಟ್ಟಿಗೆಗೆ ಇಟ್ಟಿದ್ದಾರೆ. ಈ ಪೆಟ್ಟಿಗೆ ಏನನ್ನೂ ಉತ್ಪಾದಿಸುವುದಿಲ್ಲ. ಅದರೊಳಗೆ ಲಿಥಿಯಂ ಜಾತಿಯ ವಿದ್ಯುತ್ಕೋಶಗಳು, ಅವುಗಳನ್ನು ಕಾಯುವ ಒಂದು ನಿಯಂತ್ರಕ, ಕೋಶಗಳ ಏಕಮುಖ ಪ್ರವಾಹವನ್ನು ಮನೆಯ ಉಪಕರಣಗಳಿಗೆ ಒಗ್ಗುವ ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುವ ಒಂದು ಇನ್ವರ್ಟರ್ ಇವಿಷ್ಟೇ ಇರುತ್ತವೆ. ಗೋಡೆಯ ವಿದ್ಯುತ್ತಿನಿಂದಲೋ ಬಿಸಿಲಿನ ಫಲಕದಿಂದಲೋ ತುಂಬಿಟ್ಟದ್ದನ್ನು ಬೇಕಾದಾಗ ಹಿಂದಿರುಗಿಸುವುದು ಇದರ ಕೆಲಸ. ಆದುದರಿಂದ ಇದನ್ನು ವಿದ್ಯುತ್ಸಂಚಯ ಎಂದು, ಸಂದರ್ಭಾನುಸಾರವಾಗಿ ಸಂಚಯಪೆಟ್ಟಿಗೆ ಎಂದು ಈ ಲೇಖನದಲ್ಲಿ ಕರೆದಿದೆ.

ಅಂಗಡಿಗಳಲ್ಲಿ ಇವು 200 ವ್ಯಾಟ್‌ಗಂಟೆಯ ಪುಟ್ಟ ಪೆಟ್ಟಿಗೆಯಿಂದ ಮೊದಲ್ಗೊಂಡು 4,000 ವ್ಯಾಟ್‌ಗಂಟೆಯನ್ನೂ ಮೀರಿದ ಭಾರಿ ಯಂತ್ರಗಳವರೆಗೆ ದೊರೆಯುತ್ತವೆ. ಕೊಳ್ಳುವವನು ಯಾವುದನ್ನು ಆರಿಸಬೇಕು? ‘ದೊಡ್ಡದಿದ್ದರೆ ಒಳ್ಳೆಯದು’ ಎಂಬುದು ಮಾರುವವನ ಉತ್ತರ. ಗಾತ್ರವು ಮನೆಯ ಅಗತ್ಯದ ಲೆಕ್ಕದಿಂದ ಹೊರಡಬೇಕು, ಮತ್ತು ಆ ಲೆಕ್ಕವನ್ನು ಸಾಧಾರಣ ಗೃಹಸ್ಥನೇ ಒಂದು ಹಾಳೆಯ ಮೇಲೆ ಮಾಡಿಕೊಳ್ಳಬಹುದು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಲೋಧಿ ಕಾಲೋನಿಯ ಸನ್ನಿವೇಶ

ಈ ವಿಚಾರಕ್ಕೆ ಲೋಧಿ ಕಾಲೋನಿ ಒಳ್ಳೆಯ ದೃಷ್ಟಾಂತ. ಬ್ರಿಟಿಷ್ ಸರ್ಕಾರವು ತನ್ನ ಕೊನೆಯ ವರ್ಷಗಳಲ್ಲಿ, 1940ರ ದಶಕದಲ್ಲಿ, ನೌಕರರಿಗಾಗಿ ಕಟ್ಟಿಸಿದ ವಸತಿಗಳಿವು: ಎತ್ತರವಾದ ಕಮಾನುಗಳು, ದಪ್ಪ ಗೋಡೆಗಳು, ಬೇವಿನ ನೆರಳು. ದೆಹಲಿಯ ಕನ್ನಡ ಶಾಲೆ ಸಮೀಪದ ಲೋಧಿ ಎಸ್ಟೇಟಿನಲ್ಲಿದೆಯಾದ್ದರಿಂದ ಈ ಸುತ್ತಿನ ಬೀದಿಗಳು ನಮ್ಮವರಿಗೆ ಪರಿಚಿತವಾದವು. ಇಲ್ಲಿನ ನಿವಾಸಿ ಸಾಮಾನ್ಯವಾಗಿ ಮನೆಯ ಒಡೆಯನಲ್ಲ. ಇಂದು ಇಲ್ಲಿದ್ದವನು ವರ್ಗವಾದರೆ ಅಥವಾ ನಿವೃತ್ತನಾದರೆ ಮನೆಯನ್ನು ತೆರವು ಮಾಡಬೇಕು. ಗೋಡೆಯೊಳಗಿನ ತಂತಿಯನ್ನು ತನ್ನಿಚ್ಛೆಯಂತೆ ಬದಲಾಯಿಸುವ, ಛಾವಣಿಯ ಮೇಲೆ ಸೌರಫಲಕಗಳನ್ನು ಸ್ಥಿರವಾಗಿ ಕೂರಿಸುವ ಸ್ವಾತಂತ್ರ್ಯ ಅವನಿಗಿಲ್ಲ. ತನ್ನ ಸಾಮಾನಿನೊಡನೆ ಹೊತ್ತೊಯ್ಯಬಹುದಾದ ಸಂಚಯಪೆಟ್ಟಿಗೆ ಅವನ ಮನಸ್ಸನ್ನು ಸೆಳೆಯುವುದು ಸಹಜವೇ ಆಗಿದೆ.

ಡೀಸೆಲ್ ಜನರೇಟರಿನ ದಾರಿಯೂ ಈಗ ಸುಗಮವಲ್ಲ. ರಾಜಧಾನಿ ಪ್ರದೇಶದಲ್ಲಿ ವಾಯುಮಾಲಿನ್ಯವು ಏರಿದಂತೆ ಹಂತಹಂತವಾಗಿ ಜಾರಿಗೆ ಬರುವ ನಿರ್ಬಂಧಗಳ ಯೋಜನೆ 2017ರಲ್ಲಿ ಸ್ಥಾಪಿತವಾಯಿತು. ಜನರೇಟರುಗಳ ಮೇಲಣ ನಿರ್ಬಂಧವೂ ಅದರಲ್ಲಿ ಸೇರಿದೆ.

ಇನ್ನು ವಿದ್ಯುತ್ತಿನ ವ್ಯತ್ಯಯ. 2012ರ ಜುಲೈ 30ರ ಬೆಳಗಿನ ಜಾವ ಎರಡೂವರೆ ಗಂಟೆಯ ಸುಮಾರಿಗೆ ಉತ್ತರ ಭಾರತದ ವಿದ್ಯುಜ್ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಒಟ್ಟಿಗೆ ಕುಸಿದು, ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ವಿದ್ಯುತ್ತಿಲ್ಲದೆ ನಿಂತಿತು. ಅಂತಹ ಮಹಾವಿಪತ್ತು ಅಪರೂಪ. ದೆಹಲಿಯಲ್ಲಿ ಸಾಮಾನ್ಯವಾಗಿ ಎದುರಾಗುವುದು ಬೇಸಗೆಯ ಧೂಳುಗಾಳಿಗೆ ಮರ ಮುರಿದು ತಂತಿ ಹರಿಯುವುದು, ಹೊರೆ ಏರಿದ ರಾತ್ರಿಯಲ್ಲಿ ಕೇಬಲ್ ಕೆಡುವುದು, ಇಂತಹ ಸ್ಥಳೀಯ ವಿಘ್ನಗಳು. 2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟಿಗೆ ಮುಟ್ಟಿತ್ತು ಎಂಬುದನ್ನು ನೆನೆದರೆ ಬೇಸಗೆಯ ಹೊರೆ ಎಷ್ಟೆಂಬುದು ತಿಳಿಯುತ್ತದೆ. ಹೀಗಾಗಿ ಗೃಹಸ್ಥನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ನಾನು ಎಷ್ಟು ಹೊತ್ತಿನ ಕತ್ತಲೆಗೆ ಸಿದ್ಧನಾಗಬೇಕು?’ ಎಂಬುದು. ಮೂರು ನಾಲ್ಕು ಗಂಟೆಗಳ ವಿಘ್ನಕ್ಕೆ ಸಾಕಾಗುವ ಪೆಟ್ಟಿಗೆಯೇ ಬೇರೆ, ಎರಡು ದಿನಗಳ ವಿಪತ್ತಿಗೆ ಬೇಕಾದ ಏರ್ಪಾಡೇ ಬೇರೆ.

ಎರಡು ಅಳತೆಗಳು: ಕೆರೆ ಮತ್ತು ತೂಬು

ಸಂಚಯಪೆಟ್ಟಿಗೆಯ ಮೇಲೆ ಎರಡು ಅಂಕಿಗಳು ಮುದ್ರಿತವಾಗಿರುತ್ತವೆ. ಒಂದು ವ್ಯಾಟ್‌ಗಂಟೆ, ಇನ್ನೊಂದು ವ್ಯಾಟ್. ಕೊಳ್ಳುವವರಲ್ಲಿ ಉಂಟಾಗುವ ಗೊಂದಲಗಳಲ್ಲಿ ಬಹುಪಾಲು ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ.

ನಮ್ಮ ನಾಡಿನ ಕೆರೆಯನ್ನು ನೆನೆಯೋಣ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಒಂದು ಅಳತೆ. ಅದರ ತೂಬು ಒಮ್ಮೆಗೆ ಎಷ್ಟು ನೀರನ್ನು ಹೊರಬಿಡಬಲ್ಲದು ಎಂಬುದು ಇನ್ನೊಂದು. ದೊಡ್ಡ ಕೆರೆಗೆ ಕಿರಿದಾದ ತೂಬಿದ್ದರೆ ಬಹುಕಾಲ ನೀರು ಹರಿದೀತು, ಆದರೆ ಒಮ್ಮೆಗೇ ಹತ್ತು ಗದ್ದೆಗಳಿಗೆ ಒದಗಲಾರದು. ಸಣ್ಣ ಕಟ್ಟೆಗೆ ಅಗಲವಾದ ತೂಬಿದ್ದರೆ ಗದ್ದೆಗಳು ಬೇಗನೆ ತುಂಬಿಯಾವು, ಕಟ್ಟೆಯೂ ಅಷ್ಟೇ ಬೇಗನೆ ಬರಿದಾದೀತು. ವ್ಯಾಟ್‌ಗಂಟೆಯೆಂಬುದು ಕೆರೆಯ ನೀರು, ವ್ಯಾಟ್ ಎಂಬುದು ತೂಬಿನ ಅಗಲ. ತಿಂಗಳ ಬಿಲ್ಲಿನಲ್ಲಿ ನಾವು ಕಾಣುವ ಒಂದು ಯೂನಿಟ್ ಎಂದರೆ 1,000 ವ್ಯಾಟ್‌ಗಂಟೆ.

ಅಡಿಗೆಮನೆಯ ಉದಾಹರಣೆಯಿಂದ ಇದು ಇನ್ನೂ ವಿಶದವಾಗುತ್ತದೆ. 750 ವ್ಯಾಟಿನ ಮಿಕ್ಸಿಯಲ್ಲಿ ಮೂರು ನಿಮಿಷ ಚಟ್ನಿ ರುಬ್ಬಿದರೆ ಖರ್ಚಾಗುವುದು 38 ವ್ಯಾಟ್‌ಗಂಟೆಗೂ ಕಡಿಮೆ. ಮನೆಯ ಮೂಲೆಯಲ್ಲಿ ಮಿನುಗುತ್ತಿರುವ ಇಂಟರ್‌ನೆಟ್ ರೌಟರ್ ಕೇವಲ 10 ವ್ಯಾಟಿನದು. ಆದರೆ ಅದು ಹಗಲಿರುಳು ನಡೆದರೆ 240 ವ್ಯಾಟ್‌ಗಂಟೆಯನ್ನು, ಎಂದರೆ ಮಿಕ್ಸಿಯ ಆರು ಪಟ್ಟಿಗೂ ಮಿಕ್ಕಿ, ಬಳಸುತ್ತದೆ. ಹಾಗಿದ್ದೂ 300 ವ್ಯಾಟಿನ ಪೆಟ್ಟಿಗೆ ರೌಟರನ್ನು ನಡೆಸೀತೇ ಹೊರತು ಮಿಕ್ಸಿಯನ್ನು ತಿರುಗಿಸಲಾರದು. ಆದಕಾರಣ ಎರಡು ಅಂಕಿಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಅವಶ್ಯ.

ತೂಬಿನ ವಿಷಯದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಫ್ರಿಜ್ಜು, ನೀರಿನ ಪಂಪು ಮೊದಲಾದ ಮೋಟಾರುಳ್ಳ ಯಂತ್ರಗಳು ಹೊರಡುವ ಕ್ಷಣದಲ್ಲಿ ತಮ್ಮ ಸಾಮಾನ್ಯ ಹೊರೆಯ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತವೆ. ನಡೆಯುವಾಗ 120 ವ್ಯಾಟ್ ಬಳಸುವ ಫ್ರಿಜ್ಜು ಹೊರಡುವಾಗ ಅರೆಗಳಿಗೆ 600 ವ್ಯಾಟ್ ಕೇಳಬಹುದು. ಒಳ್ಳೆಯ ಪೆಟ್ಟಿಗೆಗಳ ಮೇಲೆ ನಿರಂತರ ಶಕ್ತಿ, ಕ್ಷಣಿಕ ಶಕ್ತಿ ಎಂಬ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಮೋಟಾರಿನ ಮನೆಗೆ ಎರಡನೆಯದೂ ಮುಖ್ಯ.

ಅಗತ್ಯದ ಖಾತೆ

ಬ್ಯಾಂಕಿನಲ್ಲಿ ಸಾಲ ಕೇಳಿಬಂದವನಿಗೆ ನಾವು ಮೊದಲು ಕೇಳುವುದು, ಹಣ ಯಾವುದಕ್ಕೆ ಬೇಕೆಂದು. ಎಷ್ಟು ಎಂಬ ಪ್ರಶ್ನೆ ಅನಂತರದ್ದು. ಇಲ್ಲಿಯೂ ಅದೇ ಕ್ರಮ ಯುಕ್ತವಾದುದು. ಮನೆಯಲ್ಲಿರುವ ಎಲ್ಲವನ್ನೂ ನಡೆಸಲು ಹೊರಟರೆ ಲೆಕ್ಕ ಆಕಾಶಕ್ಕೇರುತ್ತದೆ. ನಿಲ್ಲಬಾರದ್ದು ಯಾವುದು, ನಿಂತರೂ ನಡೆದೀತು ಎನ್ನುವುದು ಯಾವುದು ಎಂಬ ವಿವೇಚನೆಯೇ ಗಾತ್ರನಿರ್ಣಯದ ಮೊದಲ ಹೆಜ್ಜೆ.

ಶಾಖವನ್ನುಂಟುಮಾಡುವ ಯಂತ್ರಗಳೆಲ್ಲವನ್ನೂ ಈ ಖಾತೆಯಿಂದ ಹೊರಗಿಡುವುದು ಲೇಸು. ಗೀಸರ್ ಮತ್ತು ಇಂಡಕ್ಷನ್ ಒಲೆ ಸುಮಾರು 2,000 ವ್ಯಾಟ್, ಚಳಿಗಾಲದ ಹೀಟರ್ 1,000ದಿಂದ 2,000 ವ್ಯಾಟ್ ಕೇಳುತ್ತವೆ. ಒಂದೂವರೆ ಟನ್ನಿನ ಹವಾನಿಯಂತ್ರಣ ಯಂತ್ರವೂ ತುಂಬು ಹೊರೆಯಲ್ಲಿ 1,500 ವ್ಯಾಟಿನ ಆಸುಪಾಸಿನದು. ಇವುಗಳಲ್ಲಿ ಯಾವುದೊಂದಾದರೂ 1,000 ವ್ಯಾಟ್‌ಗಂಟೆಯ ಸಂಚಯವನ್ನು ಒಂದು ಗಂಟೆಯೊಳಗೆ ಬರಿದುಮಾಡಬಲ್ಲದು. ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆಗಳ ಕಾಲ ಒಳಗಣ ತಂಪು ನಿಲ್ಲುತ್ತದೆ. ಸಣ್ಣ ವಿಘ್ನಕ್ಕೆ ಅದನ್ನೂ ಲೆಕ್ಕದಿಂದ ಬಿಡಬಹುದು. ಇಡೀ ದಿನದ ವಿಘ್ನಕ್ಕೆ ಸಿದ್ಧರಾಗುವವರು ಫ್ರಿಜ್ಜಿನ ಮೇಲೆ ಅಂಟಿಸಿರುವ ನಕ್ಷತ್ರಗಳ ಚೀಟಿಯನ್ನು ನೋಡಬೇಕು. ಅದರಲ್ಲಿ ವರ್ಷದ ಯೂನಿಟ್ಟುಗಳನ್ನು ನಮೂದಿಸಿರುತ್ತದೆ. 220 ಎಂದಿದ್ದರೆ ಅದನ್ನು 365ರಿಂದ ಭಾಗಿಸಿದಾಗ ದಿನಕ್ಕೆ ಸುಮಾರು 600 ವ್ಯಾಟ್‌ಗಂಟೆ ಬರುತ್ತದೆ.

ಮರೆಯಬಾರದ ಇನ್ನೊಂದು ಸಂಗತಿಯಿದೆ. ಸಂಚಯಪೆಟ್ಟಿಗೆಗೆ ಇರುವುದು ಪ್ಲಗ್ ಚುಚ್ಚುವ ಸಾಕೆಟ್ಟುಗಳು ಮಾತ್ರ. ಛಾವಣಿಯ ಫ್ಯಾನಾಗಲಿ ಗೋಡೆಯ ದೀಪವಾಗಲಿ ಮನೆಯ ತಂತಿಗಳಿಗೆ ಸೇರಿದವಾದ್ದರಿಂದ ಅವನ್ನು ಪೆಟ್ಟಿಗೆಗೆ ನೇರವಾಗಿ ಜೋಡಿಸಲಾಗದು. ಎರಡು ತುದಿಗೂ ಪಿನ್ನು ಹಾಕಿದ ತಂತಿಯಿಂದ ಪೆಟ್ಟಿಗೆಯ ವಿದ್ಯುತ್ತನ್ನು ಗೋಡೆಯ ಸಾಕೆಟ್ಟಿಗೆ ಊಡುವುದು ಪ್ರಾಣಾಪಾಯಕರ. ಮನೆಯವರಿಗಷ್ಟೇ ಅಲ್ಲ, ಹೊರಗೆ ತಂತಿ ಸರಿಪಡಿಸುತ್ತಿರುವ ಕೆಲಸಗಾರನಿಗೂ ಅದರಿಂದ ಅಪಾಯವುಂಟು. ಆದುದರಿಂದ ನಮ್ಮ ಖಾತೆಯಲ್ಲಿ ಮೇಜಿನ ಫ್ಯಾನು, ಪ್ಲಗ್ಗುಳ್ಳ ದೀಪ ಇವುಗಳೇ ಇರತಕ್ಕದ್ದು.

ಒಂದು ಮನೆಯ ಲೆಕ್ಕ

ಗಂಡ, ಹೆಂಡತಿ, ವಯಸ್ಸಾದ ತಾಯಿ, ಓದುವ ಮಗಳು ಇರುವ ಒಂದು ಮನೆಯನ್ನು ಊಹಿಸೋಣ. ಜೂನ್ ತಿಂಗಳ ರಾತ್ರಿ, ನಾಲ್ಕು ಗಂಟೆಗಳ ವಿಘ್ನ. ಅವರ ಖಾತೆ ಹೀಗಿದ್ದೀತು:

ಕಡಿಮೆ ವಿದ್ಯುತ್ತಿನ, ಬಿ.ಎಲ್.ಡಿ.ಸಿ. ಮೋಟಾರಿನ ಮೇಜಿನ ಫ್ಯಾನು ಎರಡು, ತಲಾ 30 ವ್ಯಾಟ್, 4 ಗಂಟೆ: 240 ವ್ಯಾಟ್‌ಗಂಟೆ.
ಎಲ್.ಇ.ಡಿ. ದೀಪ ಮೂರು, ತಲಾ 9 ವ್ಯಾಟ್, 4 ಗಂಟೆ: 108.
ರೌಟರ್ ಒಂದು, 10 ವ್ಯಾಟ್, 4 ಗಂಟೆ: 40.
ಲ್ಯಾಪ್‌ಟಾಪ್ ಒಂದು, 50 ವ್ಯಾಟ್, 2 ಗಂಟೆ: 100.
ಎರಡು ಮೊಬೈಲುಗಳನ್ನು ಒಮ್ಮೆ ತುಂಬಲು: 30.
ಒಟ್ಟು: 518 ವ್ಯಾಟ್‌ಗಂಟೆ.

ಪೆಟ್ಟಿಗೆಯಲ್ಲಿ ತುಂಬಿದ್ದೆಲ್ಲವೂ ಹೊರಗೆ ಬರುವುದಿಲ್ಲ. ಪ್ರವಾಹವನ್ನು ಮಾರ್ಪಡಿಸುವಾಗ ಒಂದು ಪಾಲು ಶಾಖವಾಗಿ ಸೋರುತ್ತದೆ; ನೂರಕ್ಕೆ 85 ಭಾಗ ಕೈಗೆ ಬರುವುದೆಂದು ಹಿಡಿಯುವುದು ಯುಕ್ತ. 518ನ್ನು 0.85ರಿಂದ ಭಾಗಿಸಿದರೆ 609. ಕೋಶಗಳು ವರ್ಷಗಳು ಕಳೆದಂತೆ ಸಾಮರ್ಥ್ಯವನ್ನು ಕಳೆದುಕೊಳ್ಳುವುದರಿಂದ ಇದಕ್ಕೆ ಐದನೆಯ ಒಂದು ಪಾಲನ್ನು ಮೀಸಲಾಗಿ ಕೂಡಿಸಬೇಕು. ಬರುವ ಮೊತ್ತ ಸುಮಾರು 730. ಇನ್ನು ತೂಬಿನ ಲೆಕ್ಕ: ಇವೆಲ್ಲವೂ ಏಕಕಾಲದಲ್ಲಿ ನಡೆದರೂ ಹೊರೆ 200 ವ್ಯಾಟನ್ನು ಮುಟ್ಟುವುದಿಲ್ಲ. ಆದುದರಿಂದ ಈ ಮನೆಗೆ 750 ವ್ಯಾಟ್‌ಗಂಟೆಯ, 300ರಿಂದ 500 ವ್ಯಾಟಿನ ಪೆಟ್ಟಿಗೆ ಧಾರಾಳವಾಗಿ ಸಾಕು.

ಇದೇ ಮನೆಯಲ್ಲಿ 60 ವ್ಯಾಟಿನ ಹಳೆಯ ಬಗೆಯ ಮೇಜಿನ ಫ್ಯಾನುಗಳಿದ್ದರೆ ಏನಾಗುವುದು? ಫ್ಯಾನುಗಳ ಖರ್ಚು 480ಕ್ಕೆ ಏರಿ, ಸೋರಿಕೆ ಮೀಸಲು ಎರಡನ್ನೂ ಕೂಡಿಸಿದಾಗ 1,070 ವ್ಯಾಟ್‌ಗಂಟೆಯ ಪೆಟ್ಟಿಗೆ ಬೇಕಾಗುವುದು. ಎರಡು ಫ್ಯಾನುಗಳನ್ನು ಬದಲಿಸಿದರೆ 340 ವ್ಯಾಟ್‌ಗಂಟೆಯಷ್ಟು ಸಂಚಯ ಉಳಿಯುತ್ತದೆ. ಸಂಚಯಕ್ಕೆ ಹಣ ಸುರಿಯುವ ಮೊದಲು ಖರ್ಚನ್ನು ಇಳಿಸುವ ದಾರಿಯನ್ನು ನೋಡಬೇಕೆಂಬ ಹಿರಿಯರ ಸಂಸಾರನೀತಿ ಇಲ್ಲಿಗೂ ಅನ್ವಯಿಸುತ್ತದೆ.

ರೋಗಿಯಿರುವ ಮನೆ

ಮೇಲಣ ಲೆಕ್ಕದಲ್ಲಿ ಅಂದಾಜು ತಪ್ಪಿದರೆ ಆಗುವ ನಷ್ಟ ಒಂದು ರಾತ್ರಿಯ ಸೆಕೆ. ರೋಗಿಯಿರುವ ಮನೆಯಲ್ಲಿ ಹಾಗಲ್ಲ. ಊರಿನಿಂದ ತಂದೆತಾಯಿಗಳನ್ನು ಕರೆತಂದು ಇರಿಸಿಕೊಂಡಿರುವ ನಮ್ಮ ಎಷ್ಟೋ ಕುಟುಂಬಗಳಿಗೆ ಈ ಭಾಗವೇ ಎಲ್ಲಕ್ಕಿಂತ ಮುಖ್ಯವಾದುದು; ಇಲ್ಲಿ ಜಾಹಿರಾತಿನ ಮಾತನ್ನು ನಂಬಿ ನಡೆಯುವುದು ಸಲ್ಲದು.

ನಿದ್ರೆಯಲ್ಲಿ ಉಸಿರು ಕಟ್ಟುವವರು ಬಳಸುವ ಸಿ-ಪ್ಯಾಪ್ ಯಂತ್ರ, ತೇವಾಂಶ ಕೊಡುವ ಹೀಟರನ್ನು ನಿಲ್ಲಿಸಿದಾಗ, ಸುಮಾರು 40 ವ್ಯಾಟಿನಲ್ಲಿ ನಡೆಯುತ್ತದೆ. ಎಂಟು ಗಂಟೆಗೆ 320 ವ್ಯಾಟ್‌ಗಂಟೆ. ಸೋರಿಕೆ, ಮೀಸಲು ಸೇರಿ 450. ಇದಕ್ಕೆ 500 ವ್ಯಾಟ್‌ಗಂಟೆಯ ಪೆಟ್ಟಿಗೆ ಸಾಕು. ಗೋಡೆಯ ವಿದ್ಯುತ್ತು ಹೋದೊಡನೆ ತಾನಾಗಿಯೇ ಕೆಲಸಕ್ಕೆ ತೊಡಗುವ ಏರ್ಪಾಡು ಆ ಪೆಟ್ಟಿಗೆಯಲ್ಲಿರಬೇಕು, ಏಕೆಂದರೆ ನಿದ್ರಿಸುತ್ತಿರುವವನು ಎದ್ದು ಪ್ಲಗ್ ಬದಲಿಸಲಾರ.

ಆಮ್ಲಜನಕವನ್ನು ಗಾಳಿಯಿಂದ ಬೇರ್ಪಡಿಸಿ ಕೊಡುವ ಕಾನ್ಸೆಂಟ್ರೇಟರ್ ಯಂತ್ರದ ಲೆಕ್ಕ ಬೇರೆ. ನಿಮಿಷಕ್ಕೆ 5 ಲೀಟರ್ ಕೊಡಬಲ್ಲ ಮನೆಬಳಕೆಯ ಯಂತ್ರ ಸುಮಾರು 350 ವ್ಯಾಟ್ ಬಳಸುತ್ತದೆ. 1,000 ವ್ಯಾಟ್‌ಗಂಟೆಯ ಪೆಟ್ಟಿಗೆಯಿಂದ ಕೈಗೆ ಬರುವ 850ನ್ನು 350ರಿಂದ ಭಾಗಿಸಿದರೆ ಸಿಗುವುದು ಎರಡೂವರೆ ಗಂಟೆಗೂ ಕಡಿಮೆ. ಎಂಟು ಗಂಟೆಯ ಒಂದು ರಾತ್ರಿಯನ್ನು ಕಳೆಯಬೇಕಾದರೆ ಸುಮಾರು 4,000 ವ್ಯಾಟ್‌ಗಂಟೆ ಬೇಕು. ಅಷ್ಟು ದೊಡ್ಡ ಪೆಟ್ಟಿಗೆಯ ಬೆಲೆಯೂ ಭಾರವೂ ಸಾಮಾನ್ಯ ಮನೆಗೆ ಮೀರಿದ್ದು.

ಇದಕ್ಕೆ ಪ್ರತಿಯಾಗಿ, ‘ಬಿ’ ಬಗೆಯ ಒಂದು ತುಂಬಿದ ಆಮ್ಲಜನಕದ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ ಅದು 750 ನಿಮಿಷ, ಎಂದರೆ ಹನ್ನೆರಡೂವರೆ ಗಂಟೆ ಬರುತ್ತದೆ. ಅದಕ್ಕೆ ವಿದ್ಯುತ್ತೇ ಬೇಡ. ಆದುದರಿಂದ ಇಂತಹ ಮನೆಯಲ್ಲಿ ಸಿಲಿಂಡರೇ ಮುಖ್ಯ ಆಧಾರ. ಸಂಚಯಪೆಟ್ಟಿಗೆ, ಸಿಲಿಂಡರನ್ನು ಜೋಡಿಸುವವರೆಗಿನ ಅಥವಾ ಸಣ್ಣ ವಿಘ್ನದ ಅವಧಿಯನ್ನು ದಾಟಿಸುವ ಸೇತುವೆ. ಯಾವ ಪ್ರಮಾಣದಲ್ಲಿ ಆಮ್ಲಜನಕ ಕೊಡಬೇಕೆಂಬುದನ್ನು ವೈದ್ಯರಿಂದ ಬರೆಯಿಸಿಕೊಳ್ಳಬೇಕು. ಸಿಲಿಂಡರಿನ ಬಳಿ ದೀಪ, ಊದುಕಡ್ಡಿ, ಬೀಡಿ ಸಿಗರೇಟುಗಳು ಸುಳಿಯಬಾರದು. ಎಲ್ಲದಕ್ಕೂ ದೊಡ್ಡ ಪೆಟ್ಟಿಗೆಯೊಂದೇ ಪರಿಹಾರವೆಂದು ಭಾವಿಸಿ ಹಣವನ್ನೆಲ್ಲ ಅದಕ್ಕೇ ಹಾಕಿದವನು, ಅದು ಬರಿದಾಗುವ ಮೂರನೆಯ ಗಂಟೆಯಲ್ಲಿ ನಿರುಪಾಯನಾಗುತ್ತಾನೆ.

ಅಂಕಿಗಳ ಆಡಂಬರ

ಕೆಲವು ಪೆಟ್ಟಿಗೆಗಳ ಮೇಲೆ ವ್ಯಾಟ್‌ಗಂಟೆಯನ್ನು ಬಿಟ್ಟು ‘2 ಲಕ್ಷ ಎಂ.ಎ.ಎಚ್.’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ಇದು ಮಿಲಿಆಂಪಿಯರ್‌ಗಂಟೆಯ ಲೆಕ್ಕ. ಕೋಶದ ಒತ್ತಡವನ್ನು 3.7 ವೋಲ್ಟ್ ಎಂದು ಹಿಡಿದು ಗುಣಿಸಿ, 1,000ದಿಂದ ಭಾಗಿಸಿದರೆ ನಿಜವಾದ ಮೊತ್ತ ತಿಳಿಯುತ್ತದೆ: 740 ವ್ಯಾಟ್‌ಗಂಟೆ. ಜೇಬಿನ 20,000 ಎಂ.ಎ.ಎಚ್. ಪವರ್‌ಬ್ಯಾಂಕಿನಲ್ಲಿರುವುದು ಬರಿಯ 74. ಲಕ್ಷದ ಅಂಕಿಗೆ ಮಾರುಹೋಗದೆ ವ್ಯಾಟ್‌ಗಂಟೆಯನ್ನೇ ಕೇಳಿ ತಿಳಿಯಬೇಕು.

ಕೋಶದ ಜಾತಿಯನ್ನೂ ವಿಚಾರಿಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು ಕೊಂಚ ಭಾರ, ಆದರೆ ಶಾಖವನ್ನು ಹೆಚ್ಚು ತಾಳಬಲ್ಲದು. ಎರಡು ಮೂರು ಸಾವಿರ ಸಲ ತುಂಬಿ ಬರಿದುಮಾಡಿದರೂ ಮೂಲ ಸಾಮರ್ಥ್ಯದ ಬಹುಪಾಲನ್ನು ಉಳಿಸಿಕೊಳ್ಳುತ್ತದೆ. ಕೋಬಾಲ್ಟ್, ನಿಕ್ಕಲ್ ಸೇರಿದ ಜಾತಿಯದು ಹಗುರ, ಆಯುಸ್ಸು ಕಡಿಮೆ. ಮನೆಯ ಮೂಲೆಯಲ್ಲಿ ಇಡುವ ಪೆಟ್ಟಿಗೆಗೆ ಮೊದಲನೆಯದೇ ಮೇಲು. ಲಿಥಿಯಂ ಕೋಶಗಳಿಗೆ ಭಾರತೀಯ ಮಾನಕ ಸಂಸ್ಥೆಯ 16046ನೆಯ ಮಾನಕದಡಿ ನೋಂದಣಿ ವಿಧಿಸಲ್ಪಟ್ಟಿದೆ. ಆ ಗುರುತನ್ನು ನೋಡಿಯೇ ಕೊಳ್ಳಬೇಕು.

ಬೆಲೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಲೆಕ್ಕದ ಸೌಕರ್ಯಕ್ಕಾಗಿ 1,000 ವ್ಯಾಟ್‌ಗಂಟೆಯ ಪೆಟ್ಟಿಗೆಗೆ 50,000 ರೂಪಾಯಿ ಎಂದಿಟ್ಟುಕೊಳ್ಳೋಣ. 3,000 ಸಲ ಬಳಸಿದರೆ 2,550 ಯೂನಿಟ್ಟು ದೊರೆತು ಯೂನಿಟ್ಟಿಗೆ ಸುಮಾರು 20 ರೂಪಾಯಿ ಬೀಳುತ್ತದೆ ಎಂದು ಮಾರುವವನು ಹೇಳಿಯಾನು. ಆದರೆ ದೆಹಲಿಯ ಮನೆಯಲ್ಲಿ ವರ್ಷಕ್ಕೆ 40 ಸಲ ಪೂರ್ತಿ ಬರಿದಾದರೂ ಹತ್ತು ವರ್ಷಕ್ಕೆ ದೊರೆಯುವುದು 340 ಯೂನಿಟ್ಟು ಮಾತ್ರ. ಯೂನಿಟ್ಟಿಗೆ ಬೀಳುವುದು ಸುಮಾರು 147 ರೂಪಾಯಿ. ಅಷ್ಟರಲ್ಲಿ ಕೋಶಗಳು ಬಳಸದಿದ್ದರೂ ಮುದಿಯಾಗಿರುತ್ತವೆ. ಪೆಟ್ಟಿಗೆಯನ್ನು ಅಗತ್ಯದ ಎರಡು ಪಟ್ಟು ದೊಡ್ಡದಾಗಿ ಕೊಂಡರೆ ಈ ದರವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆಪತ್ಕಾಲದ ವಿದ್ಯುತ್ತಿಗೆ ದುಬಾರಿ ಬೆಲೆ ತೆರುವುದು ತಪ್ಪಲ್ಲ. ಎಂದೂ ಬಳಸದ ಸಂಚಯಕ್ಕೆ ತೆರುವುದು ಬಡ್ಡಿಯಿಲ್ಲದೆ ಬಿದ್ದಿರುವ ಬಂಡವಾಳ.

ಸ್ವಂತ ಮನೆಯುಳ್ಳವರು, ತಂತಿ ಜೋಡಣೆಯನ್ನು ಬದಲಾಯಿಸಬಲ್ಲವರು ಬಹುಕಾಲದಿಂದ ರೂಢಿಯಲ್ಲಿರುವ ಇನ್ವರ್ಟರ್ ಮತ್ತು ಸೀಸದ ಬ್ಯಾಟರಿಯನ್ನೂ ಪರಿಶೀಲಿಸಬಹುದು. 12 ವೋಲ್ಟಿನ 150 ಆಂಪಿಯರ್‌ಗಂಟೆಯ ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್‌ಗಂಟೆಯಿದ್ದರೂ, ಅದರ ಆಯುಸ್ಸನ್ನು ಕಾಪಾಡಬೇಕಾದರೆ ಅರ್ಧದಷ್ಟನ್ನೇ ಬಳಸುವುದು ಲೇಸು. ಅದು 50 ಕಿಲೋ ಮೀರಿದ ಭಾರದ್ದು, ಆಗಾಗ ಭಟ್ಟಿ ಇಳಿಸಿದ ನೀರು ಬೇಡುವಂಥದು. ಆದರೆ ಛಾವಣಿಯ ಫ್ಯಾನುಗಳನ್ನೂ ದೀಪಗಳನ್ನೂ ತಾನಾಗಿ ನಡೆಸುತ್ತದೆ.

ಬಿಸಿಲು ಮತ್ತು ಪ್ರಯಾಣ

ಲೋಧಿ ರಸ್ತೆಯಲ್ಲೇ ಹವಾಮಾನ ಇಲಾಖೆಯ ಮೌಸಮ್ ಭವನವಿದೆ. ಸಮೀಪದ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 2024ರ ಮೇ 29ರಂದು ತಾಪಮಾನ 46 ಡಿಗ್ರಿಯನ್ನು ಮೀರಿತ್ತು. ಲಿಥಿಯಂ ಕೋಶಗಳಿಗೆ 40-45 ಡಿಗ್ರಿಯ ಮೇಲೆ ತುಂಬುವುದು ಹಿತವಲ್ಲ. ಪೆಟ್ಟಿಗೆಯನ್ನು ಬಿಸಿಲು ಬೀಳುವ ಮೊಗಸಾಲೆಯಲ್ಲಾಗಲಿ ಮುಚ್ಚಿದ ಕಾರಿನಲ್ಲಾಗಲಿ ಇಡದೆ, ಗಾಳಿಯಾಡುವ ತಂಪಾದ ಕೋಣೆಯಲ್ಲಿ ಇಡಬೇಕು. ಏಪ್ರಿಲಿನಿಂದ ಮಳೆಗಾಲ ನಿಲ್ಲುವವರೆಗೆ ತುಂಬಿ ಇಟ್ಟು, ಚಳಿಗಾಲದಲ್ಲಿ ಅರ್ಧಕ್ಕಿಂತ ತುಸು ಮೇಲಿರಿಸಿ, ಮೂರು ತಿಂಗಳಿಗೊಮ್ಮೆ ಬಳಸಿ ನೋಡುವುದು ಒಳ್ಳೆಯ ಪದ್ಧತಿ. ಸೌರಫಲಕವನ್ನು ಜೋಡಿಸುವವರು, 200 ವ್ಯಾಟಿನ ಫಲಕ ನಿರ್ಮಲವಾದ ದಿನದಲ್ಲಿ 700-800 ವ್ಯಾಟ್‌ಗಂಟೆ ಕೊಟ್ಟೀತೆಂದೂ, ಬೇವಿನ ನೆರಳು ಮತ್ತು ಜನವರಿಯ ಮಂಜು ಅದನ್ನು ಬಹಳ ತಗ್ಗಿಸುವುವೆಂದೂ ತಿಳಿದಿರಬೇಕು.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ, ‘ಅಲ್ಲಿಂದಲೇ ಒಂದು ತರಿಸೋಣ’ ಎಂಬ ಮಾತು ಬರುವುದುಂಟು. ಅಲ್ಲಿನ ಪೆಟ್ಟಿಗೆಗಳು ಸಾಮಾನ್ಯವಾಗಿ 120 ವೋಲ್ಟಿನವು. ನಮ್ಮ 230 ವೋಲ್ಟಿನ ಉಪಕರಣಗಳನ್ನು ನಡೆಸಲಾರವು. ವಿಮಾನದ ನಿಯಮವೂ ಅಡ್ಡಬರುತ್ತದೆ. 100 ವ್ಯಾಟ್‌ಗಂಟೆಯವರೆಗಿನ ಪವರ್‌ಬ್ಯಾಂಕನ್ನು ಕೈಚೀಲದಲ್ಲಿ ಒಯ್ಯಬಹುದು, 160ರವರೆಗೆ ವಿಮಾನಸಂಸ್ಥೆಯ ಅನುಮತಿ ಬೇಕು, ಅದನ್ನು ಮೀರಿದ್ದನ್ನು ಪ್ರಯಾಣಿಕನು ಕೈಚೀಲದಲ್ಲಾಗಲಿ ಸಾಮಾನಿನಲ್ಲಾಗಲಿ ಒಯ್ಯುವಂತಿಲ್ಲ. ಬೆಂಗಳೂರಿಗೆ ವಿಮಾನದಲ್ಲಿ ಹೋಗುವಾಗಲೂ ಇದೇ ನಿಯಮ. ಹಳತಾದ ಪೆಟ್ಟಿಗೆಯನ್ನು ಕಸದ ಗಾಡಿಗೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆ ತಯಾರಕರದು.

ನಿರ್ಣಯ

ಮೇಲಿನ ವಿವೇಚನೆಯಿಂದ ಸಿದ್ಧವಾಗುವ ಕ್ರಮ ಇಷ್ಟು: ಮೊದಲು ಅವಧಿಯನ್ನು ನಿಶ್ಚಯಿಸಬೇಕು. ಬಳಿಕ ನಿಲ್ಲಬಾರದ ಉಪಕರಣಗಳನ್ನಷ್ಟೇ ಬರೆದು, ಪ್ರತಿಯೊಂದರ ವ್ಯಾಟನ್ನೂ ಗಂಟೆಯನ್ನೂ ಗುಣಿಸಿ ಕೂಡಿಸಬೇಕು. ಮೊತ್ತವನ್ನು 0.85ರಿಂದ ಭಾಗಿಸಿ ಐದನೆಯ ಒಂದು ಪಾಲನ್ನು ಸೇರಿಸಿದರೆ ಕೆರೆಯ ಅಳತೆ ದೊರೆಯುತ್ತದೆ. ಏಕಕಾಲದಲ್ಲಿ ನಡೆಯುವ ಉಪಕರಣಗಳ ವ್ಯಾಟುಗಳನ್ನು ಕೂಡಿಸಿ, ಮೋಟಾರಿನ ಆರಂಭದ ಸೆಳೆತವನ್ನು ಗಮನಿಸಿದರೆ ತೂಬಿನ ಅಳತೆ ದೊರೆಯುತ್ತದೆ. ಸಾಧಾರಣ ಸಂಸಾರಕ್ಕೆ 500ರಿಂದ 1,000 ವ್ಯಾಟ್‌ಗಂಟೆಯೊಳಗೆ ಈ ಲೆಕ್ಕ ಮುಗಿಯುವುದು. ಅಷ್ಟು ಗಾತ್ರದ ಪೆಟ್ಟಿಗೆಯನ್ನು ಒಬ್ಬರೇ ಎತ್ತಬಹುದು, ವರ್ಗವಾದಾಗ ಸಾಮಾನಿನ ಲಾರಿಯಲ್ಲಿ ಜೊತೆಗೊಯ್ಯಬಹುದು. ರೋಗಿಯ ಉಸಿರು ಯಂತ್ರವನ್ನು ನೆಚ್ಚಿರುವ ಮನೆಯಲ್ಲಿ ಮಾತ್ರ ಈ ಲೆಕ್ಕವನ್ನು ವೈದ್ಯರ ಮುಂದಿಟ್ಟು, ವಿದ್ಯುತ್ತಿಲ್ಲದೆಯೂ ನಡೆಯುವ ಎರಡನೆಯ ಆಧಾರವೊಂದನ್ನು ಸಿದ್ಧಪಡಿಸಿಕೊಂಡ ಮೇಲೆಯೇ ಪೆಟ್ಟಿಗೆಯನ್ನು ಕೊಳ್ಳತಕ್ಕದ್ದು.